ಇಲ್ಲದ ಯಂತ್ರಗಳಿಗೆ ಬೆಲೆ ಕಟ್ಟಿ ಎಂದರು

ಮುಳುಗುತ್ತಿದ್ದ ಒಂದು ಪತ್ತಿನ ಸಹಕಾರ ಸಂಘದ ಯಂತ್ರಗಳಿಗೆ ಬೆಲೆ ಕಟ್ಟುವ ಕೆಲಸ ನನಗೆ ಬಂದದ್ದು ಒಂದು ಬೇಸಿಗೆಯ ಆರಂಭದಲ್ಲಿ. ಸಂಘ ಪೀಣ್ಯದ್ದು. ಜನ ಅದನ್ನು ಸೊಸೈಟಿ ಎಂದೇ ಕರೆಯುತ್ತಿದ್ದರು. ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಅಲ್ಲಿ ಹಣ ಇಟ್ಟಿದ್ದರು. ಉತ್ತರ ಕರ್ನಾಟಕದಿಂದ ಬಂದು ಲಗ್ಗೆರೆ, ರಾಜಗೋಪಾಲನಗರದ ಬಾಡಿಗೆ ಕೋಣೆಗಳಲ್ಲಿದ್ದುಕೊಂಡು ಫ್ಯಾಕ್ಟರಿಗೆ ಹೋಗುವವರೂ ಇಟ್ಟಿದ್ದರು. ಬ್ಯಾಂಕಿಗಿಂತ ಬಡ್ಡಿ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಒಳಗೆ ಹೋದರೆ "ಬಾರಪ್ಪ, ಕೂತ್ಕೋ" ಅನ್ನುವವರು ಇದ್ದರು. ಸೊಸೈಟಿ ಆ ಹಣವನ್ನು ಸಣ್ಣ ಕಾರ್ಖಾನೆಗಳವರಿಗೆ ಯಂತ್ರ ಕೊಳ್ಳಲು ಸಾಲವಾಗಿ ಕೊಟ್ಟು, ಆ ಯಂತ್ರವನ್ನೇ ಅಡ ಹಿಡಿಯುತ್ತಿತ್ತು. ಸಾಲ ಹಿಂದಿರುಗುವುದು ನಿಂತಿತು. ಠೇವಣಿ ತೆಗೆಯಲು ಹೋದವರಿಗೆ ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಅದನ್ನೇ ಹೇಳಿದರು. ಗಲಾಟೆಯಾಯಿತು, ದೂರು ಹೋಯಿತು. ಸಹಕಾರ ಇಲಾಖೆ ನಿರ್ದೇಶಕರನ್ನೆಲ್ಲ ಇಳಿಸಿ ತನ್ನ ಒಬ್ಬ ಆಡಳಿತಾಧಿಕಾರಿಯನ್ನು ಆ ಕುರ್ಚಿಯಲ್ಲಿ ಕೂರಿಸಿತು.

ನನಗೆ ಫೋನ್ ಮಾಡಿದ್ದು ಆ ಅಧಿಕಾರಿ. ನಲವತ್ತೈದರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. "ಮೇಡಂ, ಸರ್ಕಾರದಿಂದ ಪುನಶ್ಚೇತನ ನೆರವು ಕೇಳ್ತಾ ಇದೀವಿ. ಅಡ ಇಟ್ಟಿರೋ ಮಷಿನ್‌ಗಳ ಬೆಲೆ ಎಷ್ಟು ಅಂತ ಒಂದು ರಿಪೋರ್ಟ್ ಬೇಕು. ಆ ಬೆಲೆ ನೋಡಿ ಸರ್ಕಾರ ತೀರ್ಮಾನ ಮಾಡುತ್ತೆ," ಎಂದರು. ಅಂದರೆ ಯಂತ್ರಗಳಿಗೆ ಬೆಲೆ ಇದ್ದರೆ ಸರ್ಕಾರ ಕೈ ಹಿಡಿಯುತ್ತದೆ, ಇಲ್ಲದಿದ್ದರೆ ಸೊಸೈಟಿ ಮುಚ್ಚುತ್ತದೆ. ಬ್ಯಾಂಕ್ ಮುಳುಗಿದರೆ ಠೇವಣಿಗೆ ಒಂದಿಷ್ಟು ವಿಮೆಯಾದರೂ ಉಂಟು, ಇಂಥ ಸೊಸೈಟಿಗೆ ಅದೂ ಇಲ್ಲ. ಒಪ್ಪಿಕೊಂಡೆ. ಆದರೆ ಒಂದು ಮಾತು ಕಿವಿಯಲ್ಲಿ ಉಳಿಯಿತು. ಫೋನ್ ಇಡುವ ಮೊದಲು ಅವರು, "ಸ್ವಲ್ಪ ಪಾಸಿಟಿವ್ ಆಗಿ ನೋಡಿ ಮೇಡಂ," ಎಂದಿದ್ದರು. ಯಂತ್ರವನ್ನು ಪಾಸಿಟಿವ್ ಆಗಿ ನೋಡುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲ ಶೆಡ್ಡು ಪೀಣ್ಯ ಎರಡನೇ ಹಂತದಲ್ಲಿತ್ತು. ಲೋಹದ ತುಂಡನ್ನು ಮೇಜಿನ ಮೇಲೆ ಬಿಗಿದಿಟ್ಟರೆ ಕಂಪ್ಯೂಟರ್ ಹೇಳಿದ ಅಳತೆಗೆ ಕೊರೆದುಕೊಡುವ ಯಂತ್ರ ಅಲ್ಲಿತ್ತು. ಅದನ್ನು ಪೀಣ್ಯದಲ್ಲಿ ಎಲ್ಲರೂ ವಿಎಂಸಿ ಅನ್ನುತ್ತಾರೆ. ನಾನು ಹೋದಾಗ ಓಡುತ್ತಿತ್ತು. ನಿಲ್ಲಿಸಲು ಹೇಳಿ ಕೆಲಸ ಶುರು ಮಾಡಿದೆ. ನೇಮ್ ಪ್ಲೇಟಿನ ಫೋಟೊ ತೆಗೆದುಕೊಂಡೆ. ಡಯಲ್ ಗೇಜ್ ಇಟ್ಟು, ಕೊರೆಯುವ ಉಳಿಯನ್ನು ಹಿಡಿದು ತಿರುಗುವ ಸ್ಪಿಂಡಲ್ ಎಷ್ಟು ಓಲಾಡುತ್ತದೆಂದು ನೋಡಿದೆ. ಮೇಜನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಜಾರುವ ಪಟ್ಟಿಗಳು ಎಲ್ಲಿ ಸವೆದಿವೆಯೆಂದು ಬೆರಳಾಡಿಸಿದೆ. ಮೇಜಿನ ಉದ್ದಕ್ಕೂ ಬೋಲ್ಟ್ ಕೂರಿಸುವ ತೋಡುಗಳಿರುತ್ತವೆ. ಅವುಗಳಲ್ಲಿ ಒಂದರ ಅಂಚು ಒಡೆದು, ಅಲ್ಲಿ ವೆಲ್ಡಿಂಗ್ ಮಾಡಿ ಉಜ್ಜಿದ್ದರು.

"ಆಪರೇಟರ್ ಒಬ್ಬ ಟೂಲ್ ತಾಗ್ಸಿ ಒಡೆದ್ಬಿಟ್ಟ ಮೇಡಂ," ಎಂದರು ಶೆಡ್ಡಿನ ಮಾಲೀಕರು. ಐವತ್ತು ದಾಟಿದ, ಅಂಗಿಯ ತೋಳಿನಲ್ಲಿ ಯಂತ್ರ ತಣಿಸುವ ಕೂಲಂಟ್ ಎಣ್ಣೆಯ ವಾಸನೆಯಿದ್ದ ಆಸಾಮಿ. "ಹೊಸ ಟೇಬಲ್ ಹಾಕ್ಸೋಕೆ ಎಲ್ಲಿದೆ ದುಡ್ಡು? ವೆಲ್ಡ್ ಮಾಡಿಸ್ದೆ."

ಅದೇನೂ ಅಪರೂಪವಲ್ಲ. ಬರೆದುಕೊಂಡು ಬಂದೆ.

ಮುಂದಿನ ಶೆಡ್ಡುಗಳಿಗೆ ಸೊಸೈಟಿಯ ಗುಮಾಸ್ತರು ದಿನ ಗೊತ್ತು ಮಾಡುತ್ತಿದ್ದರು. ಒಂದು ದಿನಕ್ಕೆ ಒಂದೇ ಶೆಡ್ಡು. ಎಲ್ಲವೂ ಎರಡು ಮೂರು ಕಿಲೋಮೀಟರಿನೊಳಗೇ ಇದ್ದವು, ನಾನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನೋಡಬಲ್ಲೆ ಎಂದೆ. ಮಾಲೀಕರು ಇರಲ್ಲ ಮೇಡಂ ಎಂದರು. ಮೊದಲ ಸಲ ನಂಬಿದೆ. ಎರಡನೆಯ ಸಲ, ಇರಬಹುದು ಅಂದುಕೊಂಡೆ.

ಮೂರನೆಯ ಶೆಡ್ಡು ಅಂದ್ರಹಳ್ಳಿ ಕಡೆಗೆ. ಒಳಗೆ ಕಾಲಿಟ್ಟಾಗ ನನ್ನ ಕಣ್ಣು ಮೊದಲು ಹೋಗಿದ್ದು ನೆಲಕ್ಕೆ. ವರ್ಷಗಟ್ಟಲೆ ಓಡಿದ ಯಂತ್ರದ ಸುತ್ತ ನೆಲ ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೂಲೆಗಳಲ್ಲಿ ಲೋಹದ ಸಿಪ್ಪೆ ಸಿಕ್ಕಿಕೊಂಡಿರುತ್ತದೆ. ಇಲ್ಲಿ ನೆಲ ಮದುವೆ ಛತ್ರದ ನೆಲದಂತಿತ್ತು. ಯಂತ್ರ ಅದರ ಮೇಲೆ ನೆಂಟರಂತೆ ನಿಂತಿತ್ತು. ಕರೆಂಟಿನ ಕೇಬಲ್ಲು ಗೋಡೆಯಿಂದ ಗಾಳಿಯಲ್ಲೇ ತೂಗಿಕೊಂಡು ಬಂದಿತ್ತು. ನೇಮ್ ಪ್ಲೇಟ್ ಬೇರೆ, ನಂಬರ್ ಬೇರೆ. ಆದರೆ ಪ್ಲೇಟನ್ನು ಹಿಡಿದ ರಿವೆಟ್‌ಗಳು ಪಳಪಳ ಹೊಳೆಯುತ್ತಿದ್ದವು, ಪ್ಲೇಟು ಮಾತ್ರ ಮಾಸಿತ್ತು. ಮೇಜಿನ ತೋಡುಗಳ ಮೇಲೆ ಬೆರಳು ಎಳೆದೆ. ಒಂದು ಕಡೆ ಉಗುರಿಗೆ ಉಬ್ಬು ತಾಕಿತು. ಮೊದಲ ಶೆಡ್ಡಿನ ಅದೇ ತೋಡು, ಅದೇ ಅಂಚು, ಅದೇ ವೆಲ್ಡಿಂಗ್.

ಎಂದಿನಂತೆ ಅಳತೆ ತೆಗೆದುಕೊಂಡು, ಕೊಟ್ಟ ಟೀ ಕುಡಿದು, ನಮಸ್ಕಾರ ಹೇಳಿ ಹೊರಟೆ. ಆಟೋ ಹತ್ತಿದವಳು ಚಿಕ್ಕಬಾಣಾವರದ ನನ್ನ ಮನೆಗೆ ಹೋಗುವ ಬದಲು ನೇರ ಮೊದಲ ಶೆಡ್ಡಿಗೆ ಹೋದೆ. ಫೋಟೊ ಒಂದು ಸರಿಯಾಗಿ ಬಂದಿಲ್ಲ ಎಂಬ ನೆವ ಸಿದ್ಧವಿತ್ತು. ಹೇಳುವ ಅಗತ್ಯ ಬೀಳಲಿಲ್ಲ. ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ದೊಡ್ಡ ಚೌಕ ಮಾತ್ರ ಇತ್ತು, ಸುತ್ತ ಕಪ್ಪು, ನಡುವೆ ಬಿಳಿ. ಮಾಲೀಕರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಸರ್ವೀಸ್‌ಗೆ ಹೋಗಿದೆ ಮೇಡಂ."

"ಅಷ್ಟು ಟನ್ ತೂಕದ ಮಷಿನ್ನು ಸರ್ವೀಸ್‌ಗೆ ಹೋಗುತ್ತಾ ಸಾರ್? ಸರ್ವೀಸ್‌ನವರೇ ಬರಲ್ವಾ?"

ಅವರು ಪೇಪರನ್ನು ಮಡಿಸಿದರು, ಇನ್ನೊಂದು ಸಲ ಮಡಿಸಿದರು. "ಕೂತ್ಕೊಳ್ಳಿ ಮೇಡಂ," ಎಂದರು. ಆಮೇಲೆ ಹೇಳಿದ್ದು ಇಷ್ಟು. ಆರ್ಡರ್ ನಿಂತ ವರ್ಷ ಅವರ ಅಕ್ಕಪಕ್ಕದ ಹಲವರು ಯಂತ್ರ ಮಾರಿ ಸಂಬಳ ಕೊಟ್ಟರು. ಅಡ ಇಟ್ಟಿದ್ದನ್ನು ಮಾರುವಂತಿಲ್ಲ, ಆದರೂ ಮಾರಿದರು. ಕೆಲವರು ಯಂತ್ರ ಕೊಳ್ಳದೆಯೇ ಸಾಲ ಎತ್ತಿದ್ದರು. ಸೊಸೈಟಿಯ ತಪಾಸಣೆ ಬಂದಾಗಲೆಲ್ಲ ಈ ಮಾಲೀಕರ ಯಂತ್ರವನ್ನು ಕ್ರೇನಿನಲ್ಲಿ ಎತ್ತಿ ಶೆಡ್ಡಿನಿಂದ ಶೆಡ್ಡಿಗೆ ಒಯ್ಯುತ್ತಿದ್ದರು, ಪ್ಲೇಟು ಬದಲಿಸುತ್ತಿದ್ದರು.

"ಯಾರು ಹೇಳಿದ್ದು ಹಂಗೆ ಮಾಡಿ ಅಂತ?"

"ಅಧ್ಯಕ್ಷರೇ. ಒಂದು ವರ್ಷ ತಳ್ಳೋಣ, ಆರ್ಡರ್ ಬಂದ್ಮೇಲೆ ಎಲ್ಲಾ ಸರಿ ಹೋಗುತ್ತೆ ಅಂದ್ರು. ಬಾಡಿಗೆ ಅಂತ ನನಗೆ ಬಡ್ಡಿ ಕಮ್ಮಿ ಮಾಡಿದ್ರು." ಮಡಿಸಿದ ಪೇಪರನ್ನು ಕುರ್ಚಿಯ ಮೇಲಿಟ್ಟು, "ಈ ತಿರುಗಾಟದಲ್ಲಿ ನಂದು ಒಂದೇ ಮೇಡಂ ನಿಜವಾದ ಮಷಿನ್ನು. ಅದನ್ನೇ ನೀವು ಹಿಡ್ಕೊಂಡ್ರಿ," ಎಂದರು. ಅದರಲ್ಲಿ ದೂರು ಇತ್ತೋ ನಾಚಿಕೆ ಇತ್ತೋ, ನನಗೆ ಬಗೆಹರಿಯಲಿಲ್ಲ.

ಮರುದಿನ ಆಡಳಿತಾಧಿಕಾರಿಗೆ ಕಂಡದ್ದು ಕೇಳಿದ್ದೆಲ್ಲ ಹೇಳಿದೆ. ಒಂದೇ ಬೆಳಿಗ್ಗೆ, ಎಲ್ಲ ಶೆಡ್ಡುಗಳನ್ನೂ ಒಟ್ಟಿಗೆ ನೋಡಬೇಕು, ಒಂದೊಂದು ಕಡೆಗೆ ಇಲಾಖೆಯ ಒಬ್ಬೊಬ್ಬರು ನಿಲ್ಲಬೇಕು. ಅವರು ಗಾಬರಿಯಾಗಲಿಲ್ಲ. ಅದು ನನಗೆ ಹಿಡಿಸಲಿಲ್ಲ. "ಶುಕ್ರವಾರ ಮಾಡೋಣ ಮೇಡಂ," ಎಂದರು. ಅದೇ ದಿನ ಸಂಜೆಗೆ ಮೊದಲೇ ಒಂದು ಕರೆ ಬಂತು. ಇಲಾಖೆ ಇಳಿಸಿದ್ದ ಸೊಸೈಟಿಯ ಮಾಜಿ ಅಧ್ಯಕ್ಷರದು. ನಾನು ಅವರನ್ನು ಅದುವರೆಗೆ ಕಂಡಿರಲಿಲ್ಲ.

"ಶುಕ್ರವಾರ ಎಲ್ಲಾ ಶೆಡ್ಡೂ ನೋಡ್ತೀರಂತೆ ಮೇಡಂ. ಊಟಕ್ಕೆ ವ್ಯವಸ್ಥೆ ಮಾಡಿಸ್ಲಾ?"

ವಿಷಯ ಗೊತ್ತಿದ್ದದ್ದು ಅಧಿಕಾರಿಗೂ ನನಗೂ ಮಾತ್ರ. ನಾನು ಯಾರಿಗೂ ಹೇಳಿರಲಿಲ್ಲ. ಊಟ ಬೇಡ ಸಾರ್ ಎಂದು ಫೋನ್ ಇಟ್ಟೆ. ಆ ಹೊತ್ತಿಗೆ ನನಗೆ ಎಲ್ಲರ ಮೇಲೂ ಅನುಮಾನ. ಅಧಿಕಾರಿಯೇ ಹೇಳಿದರೋ, ಗುಮಾಸ್ತರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರೋ? ಶುಕ್ರವಾರಕ್ಕೆ ಎಲ್ಲಿಂದಲೋ ಯಂತ್ರಗಳು ಬಂದು ಶೆಡ್ಡುಗಳಲ್ಲಿ ಕೂತಿರುತ್ತವೆ ಎಂಬುದಂತೂ ಖಚಿತ. ಪೀಣ್ಯದಲ್ಲಿ ಬಾಡಿಗೆಗೆ ಸಿಗದ ವಸ್ತುವಿಲ್ಲ.

ಮಾರನೆಯ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅಧಿಕಾರಿಯ ಮೇಜಿನ ಮುಂದೆ ಕೂತೆ. "ಇವತ್ತೇ ಹೋಗೋಣ ಸಾರ್. ಈಗ್ಲೇ."

"ಮೇಡಂ, ಶುಕ್ರವಾರ ಅಂತ..."

"ಶುಕ್ರವಾರ ಊಟದ ವ್ಯವಸ್ಥೆ ಆಗಿದೆಯಂತೆ. ಮಾಜಿ ಅಧ್ಯಕ್ಷರು ಫೋನ್ ಮಾಡಿದ್ರು."

ಅವರ ಮುಖದ ಬಣ್ಣ ಬದಲಾಯಿತು. ಅದು ಸಿಕ್ಕಿಬಿದ್ದವರ ಬಣ್ಣವೋ, ಮೋಸಹೋದವರ ಬಣ್ಣವೋ ಎಂದು ನೋಡುತ್ತಾ ಕೂತಿದ್ದೆ. ಅವರು ಎದ್ದು ಹೊರಗೆ ಹೋಗಿ ಸಿಬ್ಬಂದಿಯನ್ನು ಕರೆದರು, ಗುಮಾಸ್ತರನ್ನು ಮಾತ್ರ ಕಚೇರಿಯಲ್ಲೇ ಇರಲು ಹೇಳಿದರು. ಇಲಾಖೆಯ ಜೀಪು, ಎರಡು ಬಾಡಿಗೆ ಕಾರು, ಉಳಿದವರು ಬೈಕು. ಅಧಿಕಾರಿ ನನ್ನ ಜೊತೆ ಜೀಪಿನಲ್ಲಿ ಕೂತರು. ದಾರಿಯಲ್ಲಿ ಅವರ ಫೋನು ಹೊಡೆದುಕೊಂಡಿತು. ಎತ್ತಲಿಲ್ಲ.

ಒಂದು ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದರು, ಅಲ್ಲಿ ಎಂದೂ ಲೋಹ ಕೊರೆದಿರಲಿಲ್ಲ. ಇನ್ನೊಂದಕ್ಕೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಬರೀ ಜೇಡರ ಬಲೆ. ಮತ್ತೊಂದರಲ್ಲಿ ಲೇತ್ ಯಂತ್ರವೊಂದು ಇತ್ತು, ಆದರೆ ಒಳಗಿನ ಮೋಟಾರು ಇರಲಿಲ್ಲ, ಗುಜರಿಗೆ ಹಾಕುವ ಡಬ್ಬ. ಕೆಲವು ಕಡೆ ನಿಜಕ್ಕೂ ಯಂತ್ರಗಳಿದ್ದವು, ಓಡುತ್ತಿದ್ದವು, ಮಾಲೀಕರು ಬಂದು ಮುಚ್ಚುಮರೆಯಿಲ್ಲದೆ ತೋರಿಸಿದರು. ಅವನ್ನೂ ಅಷ್ಟೇ ಎಚ್ಚರದಿಂದ ಅಳೆದೆ. ಎಲ್ಲ ಸೇರಿಸಿದರೆ, ಅಡಮಾನದ ಲೆಕ್ಕದಲ್ಲಿದ್ದ ಯಂತ್ರಗಳ ಪೈಕಿ ಮೂರನೇ ಒಂದು ಪಾಲೂ ಭೂಮಿಯ ಮೇಲೆ ಇರಲಿಲ್ಲ.

ಆ ವಾರಾಂತ್ಯ ಮಾಜಿ ಅಧ್ಯಕ್ಷರು ನನ್ನ ಮನೆಗೆ ಬಂದರು. ಎಪ್ಪತ್ತರ ಹತ್ತಿರದವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಮುಖಂಡರಾಗಿದ್ದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಮ್ಮ ಪಕ್ಕದ ಮನೆಯವರು ಅವರನ್ನು ಕಂಡು ಗೇಟಿನವರೆಗೂ ಬಂದು ಕೈ ಮುಗಿದರು. ಆ ಪಕ್ಕದ ಮನೆಯವರ ನಿವೃತ್ತಿ ಹಣವೂ ಅದೇ ಸೊಸೈಟಿಯಲ್ಲಿತ್ತು. ಹಣ ಕಳೆದವರು ಕೈ ಮುಗಿಯುವುದನ್ನು ನೋಡಿ ನನಗೆ ಒಳಗೊಳಗೇ ಸಿಟ್ಟು ಬಂತು.

"ಮೇಡಂ, ನಾನು ಸುಳ್ಳು ಹೇಳಲ್ಲ," ಎಂದು ಶುರು ಮಾಡಿದರು. "ಮಷಿನ್ ತಿರುಗಿಸಿದ್ದು ನಿಜ. ಸೊಸೈಟಿ ಕಷ್ಟದಲ್ಲಿದೆ ಅಂತ ಹೊರಗೆ ಗೊತ್ತಾದ್ರೆ ಎಲ್ರೂ ಒಂದೇ ದಿನ ಬಂದು ದುಡ್ಡು ಕೇಳ್ತಿದ್ರು. ಆಗ ಯಾರಿಗೂ ಸಿಗ್ತಿರ್ಲಿಲ್ಲ. ಉಳಿಸೋಕೆ ಮಾಡಿದ್ದು."

"ಸಾಲದ ದುಡ್ಡು ಎಲ್ಲಿ ಹೋಯ್ತು ಸಾರ್?"

"ಬಡ್ಡಿ ಕೊಟ್ವಲ್ಲಮ್ಮ. ತಿಂಗಳು ತಿಂಗಳು ಜನಕ್ಕೆ ಬಡ್ಡಿ ಕೊಟ್ವಲ್ಲ. ಹೊಸಬರದ್ದು ತಗೊಂಡು ಹಳಬರಿಗೆ."

"ತುಮಕೂರು ರಸ್ತೆ ಕಡೆ ಸೈಟುಗಳು?" ಸೊಸೈಟಿಯ ಇಬ್ಬರು ನಿರ್ದೇಶಕರ ನೆಂಟರು ಅಲ್ಲಿ ಸೈಟು ಕೊಂಡಿದ್ದಾರೆಂಬ ಮಾತನ್ನು ಅಧಿಕಾರಿಯ ಬಾಯಲ್ಲಿ ಕೇಳಿದ್ದೆ.

"ಅದು ನನಗೆ ಆಮೇಲೆ ಗೊತ್ತಾಗಿದ್ದು." ಕಣ್ಣು ಒರೆಸಿಕೊಂಡರು. "ದೊಡ್ಡೋರು ಮುಳುಗಿದ್ರೆ ಅದಕ್ಕೆ ಬಿಕ್ಕಟ್ಟು ಅಂತಾರೆ, ಸರ್ಕಾರ ಓಡಿ ಬರುತ್ತೆ. ನಮ್ಮಂಥ ಸಣ್ಣೋರು ಮುಳುಗಿದ್ರೆ ಕಳ್ರು ಅಂತಾರೆ. ಇದು ನ್ಯಾಯಾನಾ ತಾಯಿ? ನೀವು ಸ್ವಲ್ಪ ಬೆಲೆ ಜಾಸ್ತಿ ಬರೆದ್ರೆ ಸಾವಿರಾರು ಮನೆ ಉಳಿಯುತ್ತೆ."

ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆಯನ್ನು ನಮ್ಮಮ್ಮ ಹೇಳುತ್ತಿದ್ದರು. ಅದರ ಎರಡನೆಯ ಅರ್ಧವನ್ನು ನಾನು ಎಂದೂ ಒಪ್ಪಿದವಳಲ್ಲ. ಮೊದಲ ಅರ್ಧ ಅವತ್ತು ಬಹಳ ಸಲ ನೆನಪಾಯಿತು. ಆದರೂ ಅವರ ಮಾತಿನಲ್ಲಿ ಒಂದು ಮುಳ್ಳಿತ್ತು, ಅದು ನನಗೂ ಚುಚ್ಚಿತು. ದೊಡ್ಡವರಿಗೆ ಸಿಗುವ ಕರುಣೆ ಇವರಿಗೆ ಯಾಕಿಲ್ಲ?

"ದೊಡ್ಡೋರ ಮಷಿನ್ ನೋಡೋಕೆ ನನ್ನನ್ನ ಯಾರೂ ಕರೆದಿಲ್ಲ ಸಾರ್," ಎಂದೆ. "ಕರೆದ್ರೆ ಅಲ್ಲೂ ಹೀಗೇ ನೋಡ್ತೀನಿ. ಇಲ್ಲದಿರೋದನ್ನ ಇದೆ ಅಂತ ಬರೆಯೋಕಾಗಲ್ಲ."

ಅವರು ಕಾಫಿ ಮುಟ್ಟದೆ ಎದ್ದು ಹೋದರು.

ಎರಡು ದಿನ ಬಿಟ್ಟು ಒಬ್ಬ ಹೆಂಗಸು ಬಂದಳು. ಬಾಗಲಕೋಟೆ ಕಡೆಯವಳು. ವಾಲ್ವ್ ತಯಾರಿಸುವ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ರಾಜಗೋಪಾಲನಗರದಲ್ಲಿ ಒಂದು ಕೋಣೆ, ಗಂಡ ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಹೋಗಿ ಮನೆಯಲ್ಲಿದ್ದ. ಅವನಿಗೆ ಸಿಕ್ಕ ಪರಿಹಾರದ ಹಣವನ್ನು ಪೂರ್ತಿ ಸೊಸೈಟಿಯಲ್ಲಿ ಇಟ್ಟಿದ್ದಳು. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೆಯೇ ಕೂತಳು.

"ನೀವು ಬರಿಯೂ ಬೆಲಿ ಮ್ಯಾಲ ನಮ್ಮ ರೊಕ್ಕ ನಿಂತೈತಿ ಅಂತಾರ್ರಿ ಮೇಡಂ. ಒಂದೀಟು ಹೆಚ್ಚ ಬರದ್ರ ನಿಮ್ಮದೇನ ಹೊಕ್ಕೈತ್ರಿ?"

ವಿಳಾಸ ಯಾರು ಕೊಟ್ಟರು ಎಂಬುದು ನನ್ನ ತಲೆಯಲ್ಲಿ ಮೊದಲು ಬಂದದ್ದು. ಕೇಳಿಯೇಬಿಟ್ಟೆ. "ಅಧ್ಯಕ್ಷರು ಕಳಿಸಿದ್ರಾ ನಿನ್ನನ್ನ?"

ಅವಳು ತಲೆ ತಗ್ಗಿಸಲಿಲ್ಲ. "ಹೌದ್ರಿ. ಅವರ ಕಳಿಸ್ಯಾರ. ಆಟೋಕ್ಕ ರೊಕ್ಕಾನೂ ಕೊಟ್ಟಾರ. ಆದ್ರ ಸೊಸೈಟ್ಯಾಗ ಇಟ್ಟಿದ್ದು ನಂದ ಐತ್ರಿ."

ಅವಳನ್ನು ಕಳಿಸಿದವರ ಮೇಲಿನ ನನ್ನ ಅನುಮಾನ ಸರಿಯಾಗಿತ್ತು. ಅದರಿಂದ ಅವಳ ಕಷ್ಟ ಒಂದು ಗುಲಗಂಜಿಯಷ್ಟೂ ಸುಳ್ಳಾಗಲಿಲ್ಲ. ಹೆಚ್ಚು ಬರೆದರೆ ಸರ್ಕಾರದ ಹಣ ಮೊದಲು ಸೊಸೈಟಿಯ ಕೈಗೆ ಬರುತ್ತದೆ, ಯಂತ್ರ ಇಲ್ಲದೆ ಸಾಲ ಎತ್ತಿದವರ ಲೆಕ್ಕ ಚುಕ್ತಾ ಆಗುತ್ತದೆ, ನಿನ್ನ ಪಾಲು ಕೊನೆಗೆ ಎಂದು ವಿವರಿಸಲು ನೋಡಿದೆ. ಹೋಗುವಾಗ, "ನನಗ ತಿಳಿಯಂಗಿಲ್ರಿ ಇದೆಲ್ಲಾ," ಎಂದಳು. ನನ್ನನ್ನು ನಂಬಲಿಲ್ಲ. ಯಾಕೆ ನಂಬಬೇಕು? ಸೊಸೈಟಿಯವರೂ ಒಂದು ಕಾಲಕ್ಕೆ ಹೀಗೆಯೇ ವಿವರಿಸಿ ಹೇಳಿದ್ದಿರಬೇಕು.

ರಿಪೋರ್ಟ್ ಬರೆದೆ. ಇರುವ ಯಂತ್ರಗಳಿಗೆ ಇರುವ ಬೆಲೆ, ಇಲ್ಲದವುಗಳಿಗೆ ಇಲ್ಲ ಎಂಬ ಮಾತು. ಕೊನೆಗೆ ನನ್ನ ಕೆಲಸದ ಗಡಿ ದಾಟಿ ಒಂದು ಪ್ಯಾರಾ ಸೇರಿಸಿದೆ: ಸರ್ಕಾರ ಹಣ ಕೊಡುವುದಾದರೆ ಈ ಸಂಸ್ಥೆಗೆ ಕೊಡಬಾರದು, ಸಣ್ಣ ಠೇವಣಿದಾರರ ಕೈಗೇ ಕೊಡಬೇಕು.

ಆಡಳಿತಾಧಿಕಾರಿ ಅದನ್ನು ಓದಿ ನನ್ನ ಕಡೆಗೆ ತಳ್ಳಿದರು. "ಈ ಕೊನೇ ಪ್ಯಾರಾ ನಿಮ್ಮ ಕೆಲಸ ಅಲ್ಲ ಮೇಡಂ."

"ಅದನ್ನ ಬೇಕಾದ್ರೆ ತೆಗೀತೀನಿ."

"ಇನ್ನೊಂದು. ಇರೋ ಮಷಿನ್‌ಗಳ ಬೆಲೆ ಹೇಳಿ, ಸಾಕು. ಇಲ್ಲದಿರೋದರ ಬಗ್ಗೆ ಯಾಕೆ ಬರೀತೀರಿ? ಅವುಗಳಿಗೆ ಬಿಲ್ ಇದೆಯಲ್ಲ, ಬಿಲ್ ಪ್ರಕಾರ ಬೆಲೆ ಇಷ್ಟು ಅಂತ ಬೇರೆ ಕಾಲಂನಲ್ಲಿ ಹಾಕಿ."

"ಇಲ್ಲದ ಮಷಿನ್‌ಗೆ ಬೆಲೆ ಕಟ್ಟಿ ಅಂತೀರಾ ಸಾರ್?"

"ನೋಡಿ, ಇಲ್ಲ ಅಂತ ಬರೆದ್ರೆ ಪೊಲೀಸ್ ಕೇಸ್. ಕೇಸ್ ಆದ್ರೆ ಕೋರ್ಟು, ತಡೆಯಾಜ್ಞೆ. ಆಸ್ತಿ ಎಲ್ಲಾ ಅಲ್ಲೇ ಕೊಳೆಯುತ್ತೆ. ಜನಕ್ಕೆ ಹತ್ತು ಪೈಸೆ ಸಿಗಲ್ಲ. ನಾನು ಅವರ ಪರವಾಗೇ ಹೇಳ್ತಿರೋದು."

ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆ ಅರ್ಧವೇ ನನ್ನನ್ನು ಹೆಚ್ಚು ಕಾಡಿತು. ಪೂರ್ತಿ ಸುಳ್ಳಾಗಿದ್ದರೆ ಎದ್ದು ಬರುವುದು ಸುಲಭ. ಕೊನೆಯ ಪ್ಯಾರಾ ತೆಗೆದೆ, ಉಳಿದದ್ದನ್ನು ಹಾಗೆಯೇ ಇಟ್ಟು ಸಹಿ ಮಾಡಿ ಕೊಟ್ಟೆ. ಅವರು ಸ್ವೀಕರಿಸಿದೆ ಎಂದೂ ಹೇಳಲಿಲ್ಲ, ತಿರಸ್ಕರಿಸಿದೆ ಎಂದೂ ಹೇಳಲಿಲ್ಲ. ರಿಪೋರ್ಟ್ ಮೇಜಿನ ಮೇಲೇ ಇತ್ತು. ನನ್ನ ಶುಲ್ಕವೂ ಬರಲಿಲ್ಲ.

ಅಷ್ಟರಲ್ಲಿ ಠೇವಣಿದಾರರ ಸಭೆ ಬಂತು. ದಾಸರಹಳ್ಳಿಯ ಒಂದು ಕಲ್ಯಾಣ ಮಂಟಪ. ಸರ್ಕಾರದ ನೆರವು ಕೇಳುವ ಠರಾವು ಪಾಸು ಮಾಡುವುದಕ್ಕೆ. ಅಧಿಕಾರಿ ನನ್ನನ್ನು ಬರಹೇಳಿದರು. "ಸುಮ್ನೆ ವೇದಿಕೆ ಮೇಲೆ ಕೂತಿರಿ ಮೇಡಂ. ಮೌಲ್ಯಮಾಪನ ನಡೀತಿದೆ ಅಂತ ಜನಕ್ಕೆ ಧೈರ್ಯ ಬರುತ್ತೆ." ನನ್ನನ್ನು ತೋರಿಸಿ ಸಮಾಧಾನ ಮಾಡುವ ಹಂಚಿಕೆ ಎಂದು ಅರ್ಥವಾಯಿತು. ಹೋಗಬಾರದು ಅಂದುಕೊಂಡೆ. ನಾನು ಇಲ್ಲದಾಗ ನನ್ನ ಹೆಸರಿನಲ್ಲಿ ಏನು ಹೇಳಿಯಾರೋ ಎಂಬ ಅನುಮಾನದಿಂದಲೇ ಹೋದೆ.

ಮಂಟಪ ತುಂಬಿತ್ತು. ಮುಂದಿನ ಸಾಲುಗಳಲ್ಲಿ ನಿವೃತ್ತರು, ಹಿಂದೆ ಗೋಡೆಗೆ ಒರಗಿ ಫ್ಯಾಕ್ಟರಿಯಿಂದ ರಜೆ ಹಾಕಿ ಬಂದವರು. ಮಾಜಿ ಅಧ್ಯಕ್ಷರಿಗೂ ಮಾತಾಡಲು ಬಿಟ್ಟರು. ದೊಡ್ಡವರ ಬಿಕ್ಕಟ್ಟು, ಸಣ್ಣವರ ಕಳ್ಳತನ ಎಂಬ ಅದೇ ಮಾತನ್ನು ಇಲ್ಲೂ ಆಡಿದರು. ಚಪ್ಪಾಳೆ ಬಿತ್ತು. "ನಮ್ಮ ಮಷಿನ್‌ಗಳೇ ನಮ್ಮ ಆಸ್ತಿ. ಅದಕ್ಕೆ ಬೆಲೆ ಕಟ್ಟಿದ ಮೇಡಂ ಇಲ್ಲೇ ಇದಾರೆ," ಎಂದು ನನ್ನ ಕಡೆ ಕೈ ತೋರಿಸಿದರು. ಮತ್ತೆ ಚಪ್ಪಾಳೆ.

ಆಗ ಹಿಂದಿನಿಂದ ಒಂದು ದನಿ ಬಂತು. ಬಾಗಲಕೋಟೆಯ ಆ ಹೆಂಗಸು.

"ಒಟ್ಟ ಎಷ್ಟ ಮಷಿನ್ ಅದಾವ್ರಿ ಮೇಡಂ?"

ತಲೆಗಳು ಹಿಂದಕ್ಕೆ ತಿರುಗಿದವು. ಅಧಿಕಾರಿ ಮೈಕಿನ ಕಡೆ ಬಾಗಿ, "ಅದು ವರದಿಯಲ್ಲಿ ಬರುತ್ತೆ, ಈಗ..." ಎಂದರು.

"ನಿಮಗಲ್ರಿ ಸಾಹೇಬ್ರ. ಮೇಡಂಗ ಕೇಳೀನಿ. ಅವರ ನೋಡ್ಯಾರಲ್ಲ?"

ಅವಳನ್ನು ಈ ಸಲವೂ ಯಾರಾದರೂ ಕಳಿಸಿದ್ದರೋ ಏನೋ. ನನಗೆ ಅದು ಮುಖ್ಯವೆನಿಸಲಿಲ್ಲ. ವರದಿ ಸರ್ಕಾರಕ್ಕೆ ಸೇರಿದ್ದು, ಬಾಯಿ ಬಿಡುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಬಾಯಿ ಬಿಡದಿದ್ದರೆ ಆ ಚಪ್ಪಾಳೆಗೆ ನಾನೂ ಸಹಿ ಹಾಕಿದಂತೆ ಎಂಬುದೂ ಗೊತ್ತಿತ್ತು. ಎದ್ದು ಮೈಕ್ ತೆಗೆದುಕೊಂಡೆ.

"ಸಾಲ ಕೊಟ್ಟಷ್ಟು ಮಷಿನ್ ಇಲ್ಲ. ಮೂರು ಇರಬೇಕಾದ ಕಡೆ ಒಂದೂ ಇಲ್ಲ. ಇರೋದನ್ನೇ ಶೆಡ್ಡಿಂದ ಶೆಡ್ಡಿಗೆ ತಗೊಂಡ್ಹೋಗಿ ತೋರಿಸಿದಾರೆ. ನಾನು ಅದನ್ನ ಬರೆದು ಕೊಟ್ಟಿದ್ದೀನಿ."

ಆಮೇಲೆ ಆದದ್ದನ್ನು ಗಲಾಟೆ ಅನ್ನಬಹುದು. ಕುರ್ಚಿಗಳು ಉರುಳಿದವು. ಮಾಜಿ ಅಧ್ಯಕ್ಷರನ್ನು ಇಬ್ಬರು ಪೊಲೀಸರು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಕರೆದೊಯ್ದರು. ಆದರೆ ಅರ್ಧಕ್ಕರ್ಧ ಜನ ತಿರುಗಿಬಿದ್ದದ್ದು ನನ್ನ ಮೇಲೆ. ನಿವೃತ್ತರೊಬ್ಬರು ವೇದಿಕೆಯ ಅಂಚಿಗೆ ಬಂದು, "ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಸರ್ಕಾರ ದುಡ್ಡು ಕೊಡ್ತಿತ್ತು ಕಣ್ರೀ! ನಿಮ್ಮಪ್ಪನ ಮನೆ ಗಂಟು ಹೋಗ್ತಿತ್ತಾ?" ಎಂದು ಕೂಗಿದರು. ಮೈಕನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದೆ. ಮನೆಗೆ ಬಂದ ಮೇಲೆ ಪಕ್ಕದ ಮನೆಯವರು ಗೇಟು ಹಾಕಿಕೊಂಡರು. ಬಹಳ ಕಾಲ ಅವರು ನಮ್ಮ ಜೊತೆ ಮಾತಾಡಲಿಲ್ಲ.

ಸರ್ಕಾರದ ನೆರವು ಬರಲಿಲ್ಲ. ಸೊಸೈಟಿಯನ್ನು ಮುಚ್ಚಿ, ಆಸ್ತಿ ಮಾರಿ ಹಂಚುವ ಲಿಕ್ವಿಡೇಟರ್ ಆಗಿ ಇಲಾಖೆ ಅದೇ ಅಧಿಕಾರಿಯನ್ನು ನೇಮಿಸಿತು. ನನಗೆ ಆಶ್ಚರ್ಯವಾಯಿತು, ಅನುಮಾನವೂ ಹೆಚ್ಚಾಯಿತು. ಅವರು ಹೆದರಿಸಿದ್ದಂತೆ ಕೇಸು, ಕೋರ್ಟು, ತಡೆಯಾಜ್ಞೆ ಎಲ್ಲವೂ ಬಂದವು, ವರ್ಷ ಉರುಳಿತು. ಆದರೆ ಆ ಮನುಷ್ಯ ತಡೆಯಾಜ್ಞೆಗಳನ್ನು ಒಂದೊಂದಾಗಿ ತೆರವು ಮಾಡಿಸಿದರು, ತುಮಕೂರು ರಸ್ತೆಯ ಸೈಟುಗಳನ್ನೂ ಜಪ್ತಿ ಮಾಡಿಸಿದರು. ಅಂದು ನನ್ನನ್ನು ತಡೆದವರು ಇವರೇನಾ ಅನ್ನಿಸುವಷ್ಟು. ಶುಕ್ರವಾರದ ವಿಷಯ ಹೊರಗೆ ಹೋದದ್ದು ಯಾರಿಂದ ಎಂದು ಒಮ್ಮೆ ಕೇಳಿದೆ. "ಗುಮಾಸ್ತ ಇರಬೇಕು ಮೇಡಂ," ಎಂದರು. ಇರಬೇಕು.

ಹರಾಜಿನ ಹಣದಲ್ಲಿ ಮೊದಲ ಕಂತು ಹಂಚುವ ದಿನ ನಾನೂ ಅಲ್ಲಿದ್ದೆ. ಉಳಿದ ಯಂತ್ರಗಳಿಗೆ ಹರಾಜಿನ ಕನಿಷ್ಠ ಬೆಲೆ ಗೊತ್ತು ಮಾಡಲು ನನ್ನನ್ನು ಕರೆಸಿದ್ದರು. ಹಳೆಯ ಕಚೇರಿಯ ಕಿಟಕಿಯಿಂದ ರಸ್ತೆಯವರೆಗೂ ಸರತಿ. ಇಟ್ಟ ಹಣಕ್ಕೆ ತಕ್ಕಂತೆ ಎಲ್ಲರಿಗೂ ಒಂದು ಪಾಲು, ದೊಡ್ಡದೇನಲ್ಲ. ಆ ಸಾಲಿನ ನಡುವೆ ಬಿಳಿ ಅಂಗಿಯೊಂದು ಕಂಡಿತು. ಜಾಮೀನಿನ ಮೇಲೆ ಹೊರಗಿದ್ದ ಮಾಜಿ ಅಧ್ಯಕ್ಷರು.

"ಇವರದೂ ಠೇವಣಿ ಇದೆಯಾ?" ಎಂದು ಅಧಿಕಾರಿಯನ್ನು ಕೇಳಿದೆ. ಮುಳುಗುವ ಮೊದಲೇ ತೆಗೆದಿರುತ್ತಾರೆಂದು ನನ್ನ ಲೆಕ್ಕ.

"ಇದೆ ಮೇಡಂ. ಪಿಎಫ್ ದುಡ್ಡು ಪೂರ್ತಿ. ಒಂದು ರೂಪಾಯಿ ತೆಗೆದಿಲ್ಲ. ಮಗಳದನ್ನ ಮಾತ್ರ ಮುಚ್ಚೋ ಮುಂಚೆ ತೆಗೆಸಿದಾರೆ."

ಇದನ್ನು ಎಲ್ಲಿ ಇಟ್ಟು ಯೋಚಿಸಬೇಕೆಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸಾಲಿನಲ್ಲಿ ಯಾರೋ ಅವರ ಗುರುತು ಹಿಡಿದರು. "ಇವನ್ಯಾಕೆ ಬಂದ? ಆಚೆ ಹಾಕ್ರೋ!" ಎಂದು ತೋಳು ಹಿಡಿದು ಎಳೆದರು. ಅಂಗಿ ಹರಿಯಿತು. ಅವರ ಎರಡು ಮೂರು ಜನ ಮುಂದೆ ಆ ಬಾಗಲಕೋಟೆಯ ಹೆಂಗಸು ನಿಂತಿದ್ದಳು. ಹಿಂದಕ್ಕೆ ತಿರುಗಿದಳು.

"ಕೈ ಬಿಡ್ರಿ. ಅವರದೂ ರೊಕ್ಕ ಐತಲ್ರಿ, ನಿಂದರ್ಲಿ," ಎಂದಳು. ಎಳೆಯುತ್ತಿದ್ದವರು ಅವಳನ್ನು ನೋಡಿದರು. ಅವಳು ಮಾಜಿ ಅಧ್ಯಕ್ಷರ ಕಡೆಗೆ ಗದ್ದ ಎತ್ತಿ, ದನಿ ಏರಿಸದೆ ಹೇಳಿದಳು. "ಎಲ್ಲಾರ ಹಿಂದ ಹೋಗಿ ನಿಂದರ್ರಿ."

ಅವರು ಹರಿದ ಅಂಗಿಯನ್ನು ಪಂಚೆಯೊಳಗೆ ಸಿಕ್ಕಿಸಿಕೊಂಡು ರಸ್ತೆಯವರೆಗೆ ನಡೆದುಹೋಗಿ ಕೊನೆಯಲ್ಲಿ ನಿಂತರು. ಬಸ್ಸು ಇಳಿದು ತಡವಾಗಿ ಬಂದವರಿಗೆ ಕೈ ಮಾಡಿ ತಮ್ಮ ಮುಂದೆ ಜಾಗ ಬಿಟ್ಟುಕೊಡುತ್ತಾ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿರುವುದು ಅವರಿಗೆ ಕಾಣುತ್ತಿತ್ತೋ ಇಲ್ಲವೋ, ನಾನಿದ್ದಲ್ಲಿಂದ ಹೇಳುವುದು ಕಷ್ಟವಾಗಿತ್ತು.